ಮುನಿರಾಜಣ್ಣ ಊಟಕ್ಕೆ ಬಂದ ಕ್ರಿಸ್ಮಸ್

ಆ ಕ್ರಿಸ್ಮಸ್ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಏನೇನು ಎಡವಟ್ಟಾಗಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬಿರಿಯಾನಿ ತಳ ಹಿಡಿಯಬಹುದಿತ್ತು. ಸೀಮೆಎಣ್ಣೆ ಸ್ಟೌವು ಕಟ್ಟಿಕೊಂಡು ಮಾಂಸ ಅರ್ಧ ಬೆಂದು ನಿಲ್ಲಬಹುದಿತ್ತು. ಬಾಗಿಲಿಗೆ ಕಟ್ಟಿದ್ದ ಕಾಗದದ ನಕ್ಷತ್ರದೊಳಗಿನ ಬಲ್ಬಿನಿಂದ ಬೆಂಕಿ ಹತ್ತಬಹುದಿತ್ತು. ಊಟಕ್ಕೆ ಕರೆದವರು ಬಾರದೆ ಇರಬಹುದಿತ್ತು, ಅಥವಾ ಅದಕ್ಕಿಂತ ಕಷ್ಟವಾಗಿ, ಬಂದುಬಿಡಬಹುದಿತ್ತು. ಬಂದ ಮುನಿರಾಜಣ್ಣನ ಹೆಂಡತಿ ಜಯಮ್ಮ ಹೊಸಿಲ ಮೇಲೆಯೇ ಕೂತು ಅಳಬಹುದಿತ್ತು. ಅಜ್ಜಿ ಚಮಚವನ್ನು ಅಂಗಳಕ್ಕೆ ಎಸೆಯಬಹುದಿತ್ತು. ಸಭಾಪಾಲಕರು ಹೇಳದೆ ಕೇಳದೆ ಒಳಗೆ ಬಂದು, ಹಿಂದಿನ ಭಾನುವಾರ ಅಮ್ಮ ಚರ್ಚಿನಲ್ಲಿ ಹೇಳಿದ ಸಾಕ್ಷಿಯನ್ನು ಎಲ್ಲರೆದುರು ಹೊಗಳಬಹುದಿತ್ತು. ನಾನು ಮುನಿರಾಜಣ್ಣನ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ಕೂರಬಹುದಿತ್ತು. ನಮ್ಮ ಮಾತಿನಲ್ಲಿ ‘ಕೈ’ ಎಷ್ಟು ಕಡೆ ಬರುತ್ತದೆ ಎಂಬುದು ಆ ವಾರವೇ ನನಗೆ ಹೊಳೆದದ್ದು: ಬಸ್ಸು ಕೈಕೊಟ್ಟಿತು, ಕೆಲಸ ಕೈಗೆ ಹತ್ತಲಿಲ್ಲ, ದೇವರು ಕೈಬಿಡುವುದಿಲ್ಲ. ಇವುಗಳಲ್ಲಿ ಒಂದನ್ನು ಅಪ್ಪನೋ ಅಮ್ಮನೋ ಅವನೆದುರು ಆಡಿಬಿಡಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ಅಮ್ಮ ಸ್ತೋತ್ರ ಹೇಳುವ ಸರದಿಯಲ್ಲಿ ತನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿಬಿಡಬಹುದಿತ್ತು.

ಕರೆದವರು ಬಂದದ್ದೊಂದನ್ನು ಬಿಟ್ಟರೆ ಇವುಗಳಲ್ಲಿ ಒಂದೂ ಆಗಲಿಲ್ಲ. ಅನ್ನ ಉದುರುದುರಾಗಿ ಬಂತು, ಸ್ಟೌವು ಮರ್ಯಾದೆಯಿಂದ ಉರಿಯಿತು. ನನಗಾಗ ಹತ್ತು ವರ್ಷ. ಈಗ ಐವತ್ತರ ಹತ್ತಿರ ಬಂದಿದ್ದೇನೆ, ದೊಡ್ಡನೆಕ್ಕುಂದಿಯ ಒಂದು ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿದ್ದೇನೆ, ಮತ್ತು ಇವತ್ತಿಗೂ ಹಬ್ಬಕ್ಕೆ ಯಾರನ್ನಾದರೂ ಊಟಕ್ಕೆ ಕರೆದರೆ ಮೊದಲು ಮಾಡುವುದು ಸಾಮಾನಿನ ಪಟ್ಟಿಯಲ್ಲ, ಎಡವಟ್ಟುಗಳ ಪಟ್ಟಿ. ಹೊಟ್ಟೆಪಾಡಿಗೂ ಅದೇ ಮಾಡುತ್ತೇನೆ. ಒಂದು ಕಂಪನಿಯಲ್ಲಿ ಕೂತು ಯಾವ ಯಂತ್ರದ ಬಳಿ ಯಾರಿಗೆ ಏನಾಗಬಹುದು ಎಂದು ಬರೆದು ಕೆಂಪು, ಹಳದಿ, ಹಸಿರು ಬಣ್ಣ ಬಳಿಯುವುದು ನನ್ನ ಕೆಲಸ. ಇದು ಕಾಕತಾಳೀಯ ಎಂದು ನನ್ನ ಗಂಡ ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದಿದ್ದಾರೆ. ಪಾಪ, ನಂಬಿಕೊಂಡಿರಲಿ ಎಂದು ಬಿಟ್ಟಿದ್ದೇನೆ.

ನಾವಿದ್ದದ್ದು ಪೀಣ್ಯದಲ್ಲಿ, ಆರು ಮನೆಗಳ ಒಂದು ವಠಾರದಲ್ಲಿ. ಒಂದು ರೂಮು, ಒಂದು ಅಡಿಗೆಮನೆ, ಮೇಲೆ ಸಿಮೆಂಟ್ ಶೀಟು, ಕೆಳಗೆ ಕೆಂಪು ಗಾರೆಯ ನೆಲ. ಹಿಂದಿನ ಗೋಡೆಯಾಚೆ ಒಂದು ಲೇತ್ ಶೆಡ್ಡು. ಅದು ಕಬ್ಬಿಣ ಕೊರೆಯುವಾಗ ನಮ್ಮ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಕಿ ಸಣ್ಣಗೆ ಹಾಡುತ್ತಿದ್ದವು. ಅಮ್ಮನ ಪ್ರಾರ್ಥನೆಗೆ ಅದೇ ಪಕ್ಕವಾದ್ಯ. ಅಮ್ಮ ಅಡಿಗೆಮನೆಯಲ್ಲಿ ನಿಂತೇ ಪ್ರಾರ್ಥಿಸುತ್ತಿದ್ದಳು, ಗಟ್ಟಿಯಾಗಿ, ದೇವರು ಪಕ್ಕದ ಮನೆಯವನು ಎಂಬಂತೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರ ಗುಟ್ಟೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ದೇವರಿಗೆ ಹೇಳಿದ್ದೆಲ್ಲ ಮೊದಲು ನನಗೆ ಕೇಳುತ್ತಿತ್ತು. ಡಿಸೆಂಬರ್ ಬಂದರೆ ಆ ರೂಮಿನ ನಡುವೆ ಹಳೆಯ ಪೇಪರ್ ಹಾಸಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಚೂರು ಒತ್ತಿ ಸುರುಳಿ ಮಾಡಿ ಕಲ್ಕಲ ಎಂಬ ಸಿಹಿ ಕರಿಯುತ್ತಿದ್ದೆವು. ತಟ್ಟೆ ತುಂಬಿ, ಮೇಲೆ ಕಸೂತಿಯ ಬಟ್ಟೆ ಮುಚ್ಚಿ ಐದು ಮನೆಗೂ ಹಂಚುವುದು ನನ್ನ ಪಾಲಿಗೆ. ಯಾವ ಮನೆಯ ಮುಂದೆ ಎಡವಿ ಬೀಳುತ್ತೇನೆ ಎಂದು ಹಿಂದಿನ ದಿನವೇ ಅಂದಾಜು ಮಾಡಿಟ್ಟುಕೊಂಡಿರುತ್ತಿದ್ದೆ.

ಅಪ್ಪನ ತಾಯಿ, ನನ್ನ ಎಸ್ತೇರಜ್ಜಿ, ಈ ಮನೆಗೆ ಒಂದು ಕಾನೂನು ತಂದಿದ್ದಳು. ಕ್ರಿಸ್ಮಸ್ ಊಟಕ್ಕೆ ಕೂತವರೆಲ್ಲ, ಪಾತ್ರೆಯ ಮುಚ್ಚಳ ತೆಗೆಯುವ ಮೊದಲು, ಒಬ್ಬೊಬ್ಬರಾಗಿ ಒಂದೊಂದು ಸ್ತೋತ್ರ ಹೇಳಬೇಕು. ಆ ವರ್ಷ ದೇವರು ನಮಗೆ ಮಾಡಿದ ಒಂದು ಉಪಕಾರ, ಹೆಸರು ಹಿಡಿದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ. ‘ಎಲ್ಲಾದಕ್ಕೂ ಸ್ತೋತ್ರ’ ಎಂದು ಗುಡಿಸಿಹಾಕುವ ಹಾಗಿಲ್ಲ. ಅತಿಥಿಗಳಿಗೂ ವಿನಾಯಿತಿಯಿಲ್ಲ. ಸುಳ್ಳು ಸ್ತೋತ್ರ ಹೇಳಿದರೆ ದೇವರು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಇದನ್ನು ಯಾವ ಅಯ್ಯನವರು ಕಲಿಸಿದರೋ ತಿಳಿಯದು. ಅಮ್ಮ ಅದನ್ನು ಪೂರ್ತಿ ನಂಬಿದ್ದಳು. ಬೈಬಲಿನಲ್ಲಿ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದು ಸ್ತೋತ್ರ ಹೇಳದೆ ಹೋದ ಒಂಬತ್ತು ಮಂದಿಯ ಗತಿ ಆಮೇಲೆ ಏನಾಯಿತೋ ಎಂದು ಅವಳು ನಿಜವಾಗಿಯೂ ಚಿಂತೆ ಮಾಡುತ್ತಿದ್ದಳು. ಚಿಂತೆ ನನಗೆ ಬಂದದ್ದು ಆ ಕಡೆಯಿಂದ.

ಆ ವರ್ಷ ಸಂಡೇ ಸ್ಕೂಲಿನ ಕ್ರಿಸ್ಮಸ್ ನಾಟಕದಲ್ಲಿ ನನಗೊಂದು ಪಾತ್ರ ಸಿಕ್ಕಿತ್ತು. ಮೂರನೆಯ ಕುರಿ. ಮಾತಿಲ್ಲ, ದೇವದೂತ ಬಂದಾಗ ತಲೆಯೆತ್ತಬೇಕು, ಅಷ್ಟೆ. ಹತ್ತಿಯ ಕಿವಿ ಜಾರಬಹುದು ಎಂದು ನಾನು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ನಾಟಕದ ದಿನ ಸಂಜೆ ಅಪ್ಪನಿಗೆ ಸೆಕೆಂಡ್ ಶಿಫ್ಟು. ಅಪ್ಪ ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ತಗಡಿನ ಮುಚ್ಚಳಗಳನ್ನು ಒತ್ತುವ ಪ್ರೆಸ್ಸುಗಳಿದ್ದವು: ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನಿಂದ ಭಾರ ಧಡ್ಡನೆ ಒಮ್ಮೆ ಬಿದ್ದು ಮೇಲೇಳುತ್ತದೆ, ಆಗ ಕೈ ಹಾಕಿ ಮುಚ್ಚಳವನ್ನು ಎತ್ತಿಕೊಳ್ಳಬೇಕು. ಶಿಫ್ಟು ಬದಲಿಗೆ ಅಪ್ಪ ಕೇಳಿದ್ದು ಅಲ್ಲೇ ಕೆಲಸಕ್ಕಿದ್ದ ಮುನಿರಾಜಣ್ಣನನ್ನು. ಅವನು ಆ ಊರಿನವನೇ. ಅವನಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆಯೇ ಆ ಶೆಡ್ಡು ಎದ್ದಿತ್ತು. ಅಪ್ಪ ಕೇಳಿದಾಗ ನಾನೂ ಜೊತೆಗಿದ್ದೆ, ಟೀ ಅಂಗಡಿಯ ಮುಂದೆ.

“ಏನ್ ಪಾತ್ರ ಮಗಾ ನಿಂದು?” ಎಂದು ಮುನಿರಾಜಣ್ಣ ನನ್ನನ್ನು ಕೇಳಿದ.

“ಕುರಿ,” ಎಂದೆ.

“ಅಯ್ ಶಿವ್ನೆ! ಕುರಿ ಆಡ್ಸೋಕೆ ಇಷ್ಟು ದಿನದಿಂದ ಕಲಿಸ್ತಾವ್ರಾ? ನಮ್ಮನೇವು ಯಾರೂ ಯೋಳ್ಕೊಡ್ದೇನೇ ಸಂದಾಗಿ ಮಾಡ್ತವಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, “ಓಗು ಸ್ಯಾಮಣ್ಣ, ಓಗಿ ಮಗೀನ ನೋಡ್ಕಂಬಾ. ಒಂದ್ ಶಿಫ್ಟ್ ತಾನೆ,” ಎಂದ.

ನನ್ನ ಕಿವಿ ಜಾರಲಿಲ್ಲ. ದೇವದೂತ ಬಂದಾಗ ತಲೆಯೆತ್ತಿದೆ. ಎದುರಿಗೆ ಎರಡನೆಯ ಬೆಂಚಿನಲ್ಲಿ ಅಪ್ಪ ಇಷ್ಟಗಲ ಬಾಯಿ ಬಿಟ್ಟುಕೊಂಡು ನಗುತ್ತಿದ್ದ. ಅದೇ ಹೊತ್ತಿಗೆ ಶೆಡ್ಡಿನಲ್ಲಿ ಅಪ್ಪನ ಪ್ರೆಸ್ಸು ಮುನಿರಾಜಣ್ಣನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದ ಅಪ್ಪ ಒಂದು ಗಂಟೆಯೊಳಗೆ ಟಿಫನ್ ಡಬ್ಬಿ ಬಿಚ್ಚದೆ ವಾಪಸು ಬಂದ. ಬಾಗಿಲಲ್ಲಿ ನಿಂತು, ನಾಲ್ಕು ಬೆರಳು, ನನ್ನ ಮಿಶನ್ನು ಎಂದಷ್ಟೇ ಹೇಳಿದ. ಅಮ್ಮ ಮೊದಲು ಮಾಡಿದ್ದೇನು ಎಂಬುದನ್ನು ನಾನು ಮರೆತಿಲ್ಲ. ಅವಳು ಹೋಗಿ ಅಪ್ಪನ ಎರಡೂ ಕೈಗಳನ್ನು ಹಿಡಿದು, ಅತ್ತಿತ್ತ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು. ಅಪ್ಪ ಕೈ ಎಳೆದುಕೊಂಡು ಸೈಕಲ್ ಹತ್ತಿ ಆಸ್ಪತ್ರೆಗೆ ಹೋದ. ಅಮ್ಮ ಅಡಿಗೆಮನೆಗೆ ಹೋಗಿ ನಿಂತಳು.

“ಸ್ವಾಮೀ, ನನ್ ಗಂಡನ್ ಕೈ ಉಳ್ಸಿದೆಯಲ್ಲಪ್ಪಾ. ನಿನ್ ಕೆಲಸಕ್ಕೆ ಬಂದಿದ್ದಕ್ಕೆ ಉಳ್ಸಿದೆ. ನಾನು ಹೆಂಗೆ ತೀರ್ಸ್ಲಿ?”

ಆಚೆ ಲೇತ್ ಶುರುವಾಗಿ ಲೋಟಗಳು ಹಾಡಿದವು. ನಾನು ಲೆಕ್ಕದ ಪುಸ್ತಕ ಹಿಡಿದು ಕೂತಿದ್ದೆ. ದೇವರ ಕೆಲಸ ಎಂದರೆ ನಾನು ಹತ್ತಿ ಕಿವಿ ಕಟ್ಟಿಕೊಂಡು ತಲೆಯೆತ್ತಿದ್ದು ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಮ್ಮ ಅದನ್ನು ಅಡಿಗೆಮನೆಗೇ ಬಿಟ್ಟಿದ್ದರೆ ಆಗಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ, ಸಾಕ್ಷಿ ಹೇಳುವವರು ಏಳಬಹುದು ಎಂದು ಸಭಾಪಾಲಕರು ಅಂದಾಗ, ಎಂದೂ ಬಾಯಿ ತೆರೆಯದ ಅಮ್ಮ ಸೆರಗು ಹೊದ್ದು ಎದ್ದು ನಿಂತಳು. ದೇವರ ಮನೆಗೆ ಬಂದದ್ದರಿಂದ ನನ್ನ ಗಂಡನ ಕೈ ಉಳಿಯಿತು, ಆ ಜಾಗದಲ್ಲಿ ಇನ್ನೊಬ್ಬರಿದ್ದರು, ಎಂದಳು. ಸಭೆಯೆಲ್ಲ ಹಲ್ಲೆಲೂಯ ಎಂದಿತು. ಅಪ್ಪ ಗಂಡಸರ ಸಾಲಿನಿಂದ ಎದ್ದು ಹೊರಗೆ ಹೋದ. ಆರಾಧನೆ ಮುಗಿದು ನಾವು ಬಂದಾಗ ಬೇಲಿಯ ಹತ್ತಿರ ಸೈಕಲ್ಲಿನ ಚೈನು ಬಿಚ್ಚಿಕೊಂಡು ಕೂತಿದ್ದ. ಚೈನಿಗೆ ಏನೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಜಗಳವಾಯಿತು. ನಮ್ಮ ಮನೆಯ ಜಗಳಗಳು ತಗ್ಗಿದ ದನಿಯವು. ವಠಾರದ ಗೋಡೆ ಅಷ್ಟು ತೆಳು.

“ಎದ್ದು ನಿಂತು ಹೇಳೋ ಮಾತೇನೇ ಅದು?” ಎಂದು ಅಪ್ಪ ಕೇಳಿದ.

“ನಿಜ ತಾನೇ ಹೇಳಿದ್ದು. ಹೇಳ್ದೆ ಇದ್ರೆ ದೇವರು ಮೆಚ್ತಾನಾ?”

“ಸುಗುಣ, ಆ ಮಿಶನ್ನು ಡಬಲ್ ಹೊಡೀತಿತ್ತು ಕಣೇ. ಒಂದು ಸಲ ತುಳಿದ್ರೆ ಎರಡು ಸಲ ಬೀಳ್ತಿತ್ತು. ಒಂದು ತಿಂಗಳಿಂದ ಹಂಗೇ. ಸೂಪರ್‌ವೈಜರಿಗೆ ಎರಡು ಸಲ ಹೇಳಿದ್ದೆ. ನಾನು ಒಂದು, ಎರಡು ಅಂತ ಎಣಿಸಿ ಆಮೇಲೆ ಕೈ ಹಾಕ್ತಿದ್ದೆ. ಮುನಿರಾಜಂಗೆ ಅದನ್ನ ಹೇಳೋದು ಮರ್ತೆ.”

“ಮರ್ತ್ರಾ?”

“ನಾಟಕಕ್ಕೆ ಲೇಟಾಗ್ತಿತ್ತು.”

ಮೂಲೆಯಲ್ಲಿ ಮಣೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕೈ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಪ್ಪ ಆಮೇಲೆ ನಿಧಾನವಾಗಿ ಹೇಳಿದ, ಹಬ್ಬದ ದಿನ ಮುನಿರಾಜ, ಜಯಮ್ಮ ಇಬ್ಬರನ್ನೂ ಊಟಕ್ಕೆ ಕರೆದಿದ್ದೇನೆ.

“ಅವರೆದುರು ನಾನು ಏನಂತ ಸ್ತೋತ್ರ ಹೇಳ್ಲಿ?” ಅಮ್ಮನ ದನಿ ಮೊದಲ ಬಾರಿಗೆ ಏರಿತು.

“ಈ ಸಲ ಸ್ತೋತ್ರ ಬೇಡ. ಸುಮ್ನೆ ಊಟ ಮಾಡೋಣ.”

“ಅದಾಗಾಕಿಲ್ಲ,” ಎಂದಳು ಅಜ್ಜಿ. “ನಿಮ್ಮಪ್ಪ ಸತ್ತ ವರ್ಷಾನೇ ಬಿಟ್ಟಿಲ್ಲ. ಅವತ್ತು ನಾನೇನು ಹೇಳ್ದೆ ಗೊತ್ತಾ? ಬೇಗ ಕರ್ಕೊಂಡೆ, ನರಳಿಸ್ಲಿಲ್ಲ, ಸ್ತೋತ್ರ ಅಂದೆ. ಅವಳಿಗೂ ಏನಾದ್ರೂ ಸಿಕ್ತದೆ ಬಿಡು.”

“ಸಿಕ್ಕಿರೋದು ಒಂದೇ ಅತ್ತೆ,” ಎಂದಳು ಅಮ್ಮ. “ಅದನ್ನ ಬಿಟ್ಟು ಇನ್ನೊಂದು ಹೇಳಿದ್ರೆ ಸುಳ್ಳಾಗ್ತದೆ. ಅದನ್ನ ಹೇಳಿದ್ರೆ ಪಾಪ ಆಗ್ತದೆ.”

ಹಬ್ಬದ ತನಕ ಮನೆ ಇದರ ಮೇಲೆಯೇ ನಿಂತಿತ್ತು. ಅಪ್ಪ ಅಮ್ಮನ ಜೊತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಅಮ್ಮ ಹೇಳುತ್ತಾಳೋ ಇಲ್ಲವೋ. ಹೇಳಿದರೆ ಅಪ್ಪ ಸೈಕಲ್ ಹತ್ತಿ ಹೋಗಿ ವಾಪಸು ಬರುವುದೇ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ. ಹೇಳದಿದ್ದರೆ ದೇವರು ಉಳಿಸಿದ ಕೈಯನ್ನು ವಾಪಸು ತೆಗೆದುಕೊಳ್ಳುತ್ತಾನೆ. ಯಾವ ಕಡೆಯಿಂದ ಎಣಿಸಿದರೂ ಅಪ್ಪ ಹೋಗುತ್ತಿದ್ದ. ನಾನು ಪ್ರತಿದಿನ ಶಾಲೆಯಿಂದ ಬಂದು ಅಪ್ಪನ ಚಪ್ಪಲಿ ಬಾಗಿಲಲ್ಲಿದೆಯೇ ಎಂದು ನೋಡುತ್ತಿದ್ದೆ.

ಅಮ್ಮ ತನ್ನ ಭಯವನ್ನು ಕೆಲಸಕ್ಕೆ ಹಚ್ಚಿದಳು. ಬಲಗೈಯಲ್ಲಿ ತಿನ್ನಲಾಗದ ಮನುಷ್ಯ ನಮ್ಮೆಲ್ಲರ ನಡುವೆ ಒಬ್ಬನೇ ಎಡಗೈಯಲ್ಲಿ ಚಮಚ ಹಿಡಿದು ಕೂರುವುದು ಬೇಡ ಎಂದು, ಎಲ್ಲರೂ ಚಮಚದಲ್ಲೇ ತಿನ್ನಬೇಕೆಂದು ನಿರ್ಧರಿಸಿದಳು. ವಠಾರವೆಲ್ಲ ಸುತ್ತಿ ಆರು ಚಮಚ ಕೂಡಿಸಿದಳು. ಒಂದಕ್ಕೊಂದು ಜೋಡಿಯಿಲ್ಲ, ಅದರಲ್ಲೊಂದು ಮಗುವಿಗೆ ಔಷಧಿ ಕುಡಿಸುವ ಚಮಚ. ಅಜ್ಜಿಗೆ ಸಿಟ್ಟು ಬಂತು.

“ಮಟನ್ ಬಿರಿಯಾನಿನ ಚಮಚದಲ್ಲಿ ತಿನ್ನೋಕೆ ನಾನೇನು ದೊರೆಸಾನೀನಾ?”

“ಒಂದು ದಿನ ಅತ್ತೆ. ನಿಮ್ ಕಾಲಿಗೆ ಬೀಳ್ತೀನಿ.”

“ಬೀಳ್ಬೇಡ. ನಾನು ಮೂಳೆ ನುಂಗಿ ಸತ್ರೆ ಅದಕ್ಕೂ ಒಂದು ಸ್ತೋತ್ರ ಹೇಳ್ಕೋ,” ಎಂದು ಔಷಧಿ ಚಮಚವನ್ನು ತನಗೆ ಎತ್ತಿಟ್ಟುಕೊಂಡಳು.

ಅವರು ಹನ್ನೆರಡೂವರೆಗೆ ಬಂದರು. ಜಯಮ್ಮ ಹಿಡಿಯಿದ್ದ ಸ್ಟೀಲ್ ತೂಕುಪಾತ್ರೆಯ ತುಂಬ ಗಿಣ್ಣು ತಂದಿದ್ದಳು. ಎಮ್ಮೆ ಕರು ಹಾಕಿತ್ತು. ಮುನಿರಾಜಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬಲ ತೋಳಿನ ಗುಂಡಿ ಬ್ಯಾಂಡೇಜಿನ ದಪ್ಪಕ್ಕೆ ಹಾಕಲಾಗದೆ ನೇತಾಡುತ್ತಿತ್ತು. ಅಮ್ಮ ಜಯಮ್ಮನ ಕೈಯಿಂದ ತೂಕು ತೆಗೆದುಕೊಳ್ಳುವಾಗ ಇಬ್ಬರೂ ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು.

“ಕೂತ್ಕೊಳ್ಳಪ್ಪ. ನೋವು ಹೆಂಗೈತೆ?” ಎಂದು ಅಜ್ಜಿ ಕೇಳಿದಳು.

“ಇಲ್ದೇ ಇರೋ ಬೆಳ್ಳೇ ನೋಯ್ತದೆ ಕಣಜ್ಜಿ. ಅದೊಂದು ವಿಚಿತ್ರ.” ಅವನು ನಕ್ಕ. “ಸೂಪರ್‌ವೈಜರ್ ಬಂದಿದ್ದ ಆಸ್ಪತ್ರೆಗೆ. ಮಿಶನ್ ಸರಿಗೈತೆ, ನೀನೇ ಬೇಗ ಕೈ ಆಕ್ಬುಟ್ಟೆ ಅಂದ. ಇರ್ಬೌದು. ತೂಕಡಿಕೆ ಬಂದಿತ್ತೇನೋ ನಂಗೆ.”

ಅಪ್ಪ ನೀರಿನ ಲೋಟಗಳನ್ನು ಜೋಡಿಸುತ್ತಿದ್ದ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದ. ಆಮೇಲೆ ಎಂದಾದರೂ ಅವನು ಮುನಿರಾಜಣ್ಣನಿಗೆ ನಿಜ ಹೇಳಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ವಯಸ್ಸು ನನಗೆ ಬಂದಾಗ ಧೈರ್ಯ ಬರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಇಬ್ಬರೂ ಇರಲಿಲ್ಲ.

ಚಾಪೆಯ ಮೇಲೆ ಗುಂಡಗೆ ಕೂತೆವು. ನಡುವೆ ಮುಚ್ಚಳ ಹಾಕಿದ ಪಾತ್ರೆ, ಮುಚ್ಚಳದ ಮೇಲೆ ಹಿಟ್ಟಿನ ಪಟ್ಟಿ. ಅಜ್ಜಿ ನಿಯಮವನ್ನು ಅತಿಥಿಗಳಿಗೆ ವಿವರಿಸಿದಳು. ಒಬ್ಬರು ಸ್ತೋತ್ರ ಹೇಳಿದ ಕೂಡಲೇ ಉಳಿದವರು ಆಮೆನ್ ಅನ್ನಬೇಕು. ಆಮೆನ್ ಅಂದರೆ ಹಾಗೆಯೇ ಆಗಲಿ, ನನ್ನ ಒಪ್ಪಿಗೆಯೂ ಇದೆ ಅಂತ, ಎಂದಳು. “ಅಂಗಾದ್ರೆ ಪಂಚಾಯ್ತಿ ಇದ್ದಂಗೆ,” ಎಂದ ಮುನಿರಾಜಣ್ಣ. ಅಜ್ಜಿಯೇ ಮೊದಲು: ಕಣ್ಣಿನ ಪೊರೆ ತೆಗೆಸಿದ್ದು ಗುಣವಾಯಿತು, ಸ್ತೋತ್ರ. ಆಮೆನ್. ನಾನು: ಲೆಕ್ಕದಲ್ಲಿ ಪಾಸಾದೆ, ಸ್ತೋತ್ರ. ಆಮೆನ್. ಅಪ್ಪ: ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಸ್ತೋತ್ರ. ಅಜ್ಜಿ ಅವನನ್ನು ಕೆಕ್ಕರಿಸಿ ನೋಡಿದಳು. ಆದರೂ ಆಮೆನ್.

ಅಮ್ಮನ ಸರದಿ. ಅವಳು ಕಣ್ಣು ಮುಚ್ಚಿದಳು. ತುಟಿಯಷ್ಟೇ ಅಲುಗಿತು. ಹಬ್ಬವಾದ್ದರಿಂದ ಲೇತ್ ನಿಂತಿತ್ತು, ಲೋಟಗಳೂ ಸುಮ್ಮನಿದ್ದವು. ಅಪ್ಪ ಒಂದು ಮೊಣಕಾಲನ್ನು ಮೇಲೆತ್ತಿದ, ಏಳುವವನ ಹಾಗೆ. ನಾನು ಮನಸ್ಸಿನಲ್ಲೇ ಬೇಡ ಬೇಡ ಬೇಡ ಎಂದು ಎಣಿಸಿದೆ.

“ಜಯಮ್ಮ, ಮುನಿರಾಜಣ್ಣ...” ಅಮ್ಮ ಕಣ್ಣು ತೆರೆದಳು. “ಇವರು ನಮ್ಮನೆ ಹೊಸಿಲು ದಾಟಿ ಬಂದ್ರು. ಬರದೆ ಇದ್ದಿದ್ರೂ ನಾವು ಕೇಳೋ ಹಂಗಿರ್ಲಿಲ್ಲ. ಅದಕ್ಕೆ ಸ್ತೋತ್ರ.”

ಆಮೆನ್, ಎಂದೆವು. ಅಪ್ಪನ ಮೊಣಕಾಲು ಚಾಪೆಗೆ ಮರಳಿತು. ಅವನು ಅಮ್ಮನನ್ನು ನೋಡಿದ. ಎಷ್ಟೋ ದಿನಗಳ ಮೇಲೆ ನೋಡಿದ. ಸುಳ್ಳೂ ಅಲ್ಲ, ಪಾಪವೂ ಅಲ್ಲದ ಒಂದು ಎಳೆಯನ್ನು ಅಮ್ಮ ಹುಡುಕಿ ತಂದಿದ್ದಳು. ಬಿರಿಯಾನಿಯ ವಾಸನೆ ಆಗ ಮೊದಲ ಬಾರಿಗೆ ನನ್ನ ಮೂಗಿಗೆ ಬಂತು. ಜಯಮ್ಮ ನಾಚಿಕೊಂಡು, ನಂಗೇನು ಬರ್ತದೆ ಸುಗುಣಕ್ಕ, ಎಮ್ಮೆ ಸುಸೂತ್ರ ಈಯ್ತು, ಅದ್ಕೇಯ, ಎಂದಳು. ಆಮೆನ್. ಎಲ್ಲರೂ ನಕ್ಕೆವು ಕೂಡ. ಉಳಿದದ್ದು ಮುನಿರಾಜಣ್ಣ ಒಬ್ಬನೇ. ಅತಿಥಿಯ ಸ್ತೋತ್ರದಿಂದ ಏನಾದರೂ ಆಗಬಹುದು ಎಂದು ನಮ್ಮಲ್ಲಿ ಯಾರೂ ಭಯಪಟ್ಟಿರಲಿಲ್ಲ.

ಅವನು ಗಂಟಲು ಸರಿಮಾಡಿಕೊಂಡ. ಬಹಳ ಯೋಚಿಸಿ ಆರಿಸಿದವನ ಹಾಗೆ, ಉಡುಗೊರೆ ಕೊಡುವವನ ಹಾಗೆ ಹೇಳಿದ:

“ಅವತ್ತು ಆ ಮಿಶನ್ ತಾವ ಸ್ಯಾಮಣ್ಣ ಇರ್ಲಿಲ್ವಲ್ಲ, ಅದ್ಕೆ. ನಮ್ಗೇನು, ನಾನು ಇವ್ಳು ಇಬ್ರೇಯ. ಅಣ್ಣಂಗೆ ಈ ಮಗು ಐತೆ. ಯಾರ್ದಾದ್ರೂ ಓಗ್ಲೇಬೇಕು ಅಂತಿದ್ರೆ ನಂದೇ ಓಗಿದ್ದು ವಾಸಿ. ನಿಮ್ ಸ್ವಾಮಿಗೆ ಸ್ತೋತ್ರ.”

ಅಮ್ಮನ ಸೆರಗು ಬಾಯಿಗೆ ಹೋಯಿತು. ಅಪ್ಪ ಕೆಂಪು ನೆಲವನ್ನು ನೋಡುತ್ತಿದ್ದ. ಜಯಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು, ಅವಳಿಗೂ ಅದು ಹೊಸ ಸುದ್ದಿ. ಯಾವ ಸ್ತೋತ್ರವನ್ನೂ ಒಪ್ಪಿಗೆಯಿಲ್ಲದೆ ಬಿಡದ ಅಜ್ಜಿ ತುಟಿ ಬಿಗಿಹಿಡಿದಳು. ಆ ಕ್ರಿಸ್ಮಸ್ ದಿನ ಎಡವಟ್ಟಾದದ್ದು ಅಲ್ಲಿ, ಅಷ್ಟೇ, ಒಂದು ಕ್ಷಣ. ನನ್ನ ಬಾಯಿಂದ ಹೊರಟದ್ದು ಅಭ್ಯಾಸಬಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ; ಅಭ್ಯಾಸಕ್ಕೆ ಅಷ್ಟು ಸಂತೋಷ ಇರುವುದಿಲ್ಲ. ಯಾರೂ ಬಾಯಿ ತೆರೆಯದ ಆ ರೂಮಿನಲ್ಲಿ ನಾನೊಬ್ಬಳೇ ಆಮೆನ್ ಅಂದೆ, ವಠಾರದ ಕೊನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ.